ಶಿಪ್ ಎಳೆದರೆ ಶೀಪ್ ಆಗಬಾರದು

ಹಡಗಿಗೆ ಇಂಗ್ಲಿಷಿನಲ್ಲಿ ಶಿಪ್, ಕುರಿಗೆ ಶೀಪ್. ಒಂದು ಹ್ರಸ್ವ, ಇನ್ನೊಂದು ದೀರ್ಘ. ಇಷ್ಟು ಎಲ್ಲರಿಗೂ ಗೊತ್ತು. ಈಗ ಸುಮ್ನೆ ಒಂದು ಕೆಲಸ ಮಾಡಿ ನೋಡಿ. ಅಕ್ಕಪಕ್ಕ ಯಾರೂ ಇಲ್ಲದಾಗ 'ಶಿಪ್' ಅನ್ನುವುದನ್ನು ಬೇಕಂತಲೇ ಎಳೆದು ಹೇಳಿ. ಉಸಿರು ಮುಗಿಯುವವರೆಗೂ ನಡುವಿನ ಸ್ವರವನ್ನು ಹಿಡಿದಿಡಿ, ಆಮೇಲೆ 'ಪ್' ಸೇರಿಸಿ. ನನ್ನ ಅಂದಾಜಿನಂತೆ ನಿಮ್ಮ ಬಾಯಲ್ಲಿ ಹಡಗು ಹೋಗಿ ಕುರಿ ಬಂದಿರುತ್ತದೆ.

ಇಂಗ್ಲಿಷನ್ನು ಹುಟ್ಟಿನಿಂದ ಆಡುವವರಿಗೆ ಇದೇ ಕೆಲಸ ಕೊಟ್ಟರೆ ಹಡಗು ಹಡಗಾಗಿಯೇ ಉಳಿಯುತ್ತದೆ. ಎಷ್ಟೇ ಎಳೆಯಲಿ, ಅದು ಉದ್ದನೆಯ ಹಡಗು, ಅಷ್ಟೇ. ಹಾಗೇ 'ಶೀಪ್' ಅನ್ನುವುದನ್ನು ಚಕ್ಕನೆ ತುಂಡು ಮಾಡಿ ಹೇಳಿದರೂ ಅವರಿಗೆ ಕುರಿಯೇ ಕೇಳಿಸುತ್ತದೆ. ಅಂದರೆ ಅವರು ಈ ಎರಡನ್ನು ಬೇರೆ ಮಾಡುವುದು ಮುಖ್ಯವಾಗಿ ಉದ್ದದಿಂದ ಅಲ್ಲ. ಉದ್ದವೂ ಇದೆ. ಆದರೆ ಅದು ಆಮೇಲಿನ ಮಾತು.

ನಾನು ಸಬ್‌ಟೈಟಲ್ ತಿದ್ದುವ ಕೆಲಸ ಮಾಡುತ್ತೇನೆ. ಭಾಷಣ, ಪಾಠ, ಸಂದರ್ಶನಗಳ ಆಡಿಯೊವನ್ನು ಮೊದಲು ಮೆಷಿನ್ನು ಕೇಳಿ ಬರೆಯುತ್ತದೆ. ಅದು ಎಡವಿದ ಕಡೆ ನಾನು ಮತ್ತೆ ಕೇಳಿ ಸರಿ ಮಾಡುತ್ತೇನೆ. ಮಾತಾಡುವವರು ಬೇರೆ ಬೇರೆ ದೇಶದವರು, ಬೇರೆ ಬೇರೆ ಮನೆಮಾತಿನವರು. ಅದರಲ್ಲಿ ಕನ್ನಡದವರೂ ಇರುತ್ತಾರೆ. ಎರಡು ವಾಕ್ಯ ಕೇಳಿದರೆ ಸಾಕು, ಇವರು ನಮ್ಮವರೇ ಅಂತ ಗೊತ್ತಾಗಿಬಿಡುತ್ತದೆ. ಹೇಗೆ ಅಂತ ಕೇಳಿದರೆ, ಬಹುಪಾಲು ಸ್ವರಗಳಿಂದಲೇ. ಹ್ರಸ್ವ ಬಂದ ಕಡೆ ಒಂದು ಮಾತ್ರೆ, ದೀರ್ಘ ಬಂದ ಕಡೆ ಎರಡು ಮಾತ್ರೆ. ಲಘು, ಗುರು ಅಂತ ಗುರುತು ಹಾಕಿಕೊಂಡು ಹೋಗಬಹುದು, ಅಷ್ಟು ಚೊಕ್ಕ.

ಕನ್ನಡದಲ್ಲಿ ಆ ಚೊಕ್ಕತನ ಬೇಕೇ ಬೇಕು. ಬಿಡು ಬೇರೆ, ಬೀಡು ಬೇರೆ. ಕಡು-ಕಾಡು, ಕೊಡು-ಕೋಡು, ಕೆರೆ-ಕೇರೆ. ಕೆರೆಯಲ್ಲಿ ನೀರಿರುತ್ತದೆ, ಕೇರೆ ಹಾವು. ಇಲ್ಲಿ ನಾಲಿಗೆ ಹೆಚ್ಚುಕಡಿಮೆ ಅದೇ ಜಾಗದಲ್ಲಿ ನಿಲ್ಲುತ್ತದೆ, ನಿಲ್ಲುವ ಹೊತ್ತು ಮಾತ್ರ ಬೇರೆ. ಉಪಕರಣ ಇಟ್ಟು ಅಳೆದರೆ ಜಾಗದಲ್ಲೂ ಒಂದಿಷ್ಟು ವ್ಯತ್ಯಾಸ ಸಿಗುತ್ತದೆ, ನಿಜ. ಆದರೆ ಅರ್ಥ ನಿಂತಿರುವುದು ಹೊತ್ತಿನ ಮೇಲೆ. ನಮ್ಮ ಬರವಣಿಗೆ ಕಲಿಸುವುದೂ ಅದನ್ನೇ. ಕ ಗುಡಿಸು ಕಿ, ಕ ಗುಡಿಸಿನ ದೀರ್ಘ ಕೀ. ಕ ಏತ್ವ ಕೆ, ಕ ಏತ್ವದ ದೀರ್ಘ ಕೇ. ಇದ್ದ ಅಕ್ಷರವೇ ಇದ್ದಂತೆ ಇರುತ್ತದೆ, ಪಕ್ಕದಲ್ಲಿ ಒಂದು ಬಾಲ ಸೇರುತ್ತದೆ. ಹ್ರಸ್ವಕ್ಕೆ ಬಾಲ ಹಚ್ಚಿದರೆ ದೀರ್ಘ ಅನ್ನುವುದು ಹಾಗೆ ನಮ್ಮ ಕೈಗೂ ಕಿವಿಗೂ ಒಟ್ಟಿಗೇ ಇಳಿದುಬಿಟ್ಟಿದೆ. ಇಂಗ್ಲಿಷಿಗೂ ಅದೇ ಬಾಲ ಹಚ್ಚಲು ಹೋಗುತ್ತೇವೆ.

ನನಗೆ ಇದು ಕಿವಿಗಿಂತ ಮೊದಲು ಕಣ್ಣಿಗೆ ಬಿತ್ತು. ನಾನು ಕೆಲಸ ಮಾಡುವ ಸಾಫ್ಟ್‌ವೇರಿನಲ್ಲಿ ಮಾತು ಅಲೆಅಲೆಯಾಗಿ ಪರದೆಯ ಮೇಲೆ ಕಾಣಿಸುತ್ತದೆ. ಒಂದು ಪದ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು, ನಡುವೆ ಸ್ವರ ಎಷ್ಟು ಹೊತ್ತು ನಿಂತಿತು, ಎಲ್ಲವನ್ನೂ ನೋಡಬಹುದು. ಬ್ರಿಟನ್ನಿನ ಒಬ್ಬ ಮೇಷ್ಟ್ರ ಪಾಠ ತಿದ್ದುವಾಗ ನಾಲ್ಕು ಪದಗಳನ್ನು ಒಂದರ ಕೆಳಗೆ ಒಂದು ಇಟ್ಟುಕೊಂಡೆ. ಚೂರು ಅನ್ನುವ ಅರ್ಥದ ಬಿಟ್, ಹರಾಜಿನಲ್ಲಿ ಕೂಗುವ ಬಿಡ್, ಹೊಡೆ ಅನ್ನುವ ಬೀಟ್, ಮಣಿ ಅನ್ನುವ ಬೀಡ್. ನಮ್ಮ ಲೆಕ್ಕದಲ್ಲಿ ಮೊದಲ ಎರಡು ಒಂದೇ ಉದ್ದ, ಕೊನೆಯ ಎರಡು ಅದರ ದುಪ್ಪಟ್ಟು ಇರಬೇಕು, ಅಲ್ವಾ? ಪರದೆ ಬೇರೆಯೇ ಹೇಳಿತು. ಬಿಟ್ ಎಲ್ಲಕ್ಕಿಂತ ಗಿಡ್ಡ, ಬೀಡ್ ಎಲ್ಲಕ್ಕಿಂತ ಉದ್ದ. ನಡುವಿನ ಬಿಡ್ ಮತ್ತು ಬೀಟ್ ಪಕ್ಕಪಕ್ಕ ಇಟ್ಟರೆ ಯಾವುದು ಹ್ರಸ್ವ, ಯಾವುದು ದೀರ್ಘ ಅಂತ ಉದ್ದ ನೋಡಿ ಹೇಳಲು ಬರುವಂತಿರಲಿಲ್ಲ.

ಇದು ಆ ಮೇಷ್ಟ್ರೊಬ್ಬರ ಚಾಳಿ ಅಲ್ಲ. ಇಂಗ್ಲಿಷಿನ ಪಕ್ಕಾ ನಿಯಮ. ಪದದ ಕೊನೆಗೆ ಪ್, ಟ್, ಕ್, ಚ್, ಫ್, ಸ್, ಶ್ ತರದ ಸದ್ದು ಬಂದರೆ ಅದರ ಹಿಂದಿನ ಸ್ವರ ಮೊಟಕಾಗುತ್ತದೆ. ಬ್, ಡ್, ಗ್, ಜ್, ವ್ ತರದ್ದು ಬಂದರೆ ಸ್ವರಕ್ಕೆ ಪೂರ್ತಿ ಹೊತ್ತು ಸಿಗುತ್ತದೆ. ಭಾಷಾಶಾಸ್ತ್ರದವರು ಇದನ್ನು ಕ್ಲಿಪ್ಪಿಂಗ್ ಅನ್ನುತ್ತಾರೆ. ಇದರಿಂದ ಹುಟ್ಟುವ ಇನ್ನೊಂದು ವಿಚಿತ್ರ ಕೇಳಿ. ಇಂಗ್ಲಿಷಿನವರು ಪದದ ಕೊನೆಯ ಡ್, ಗ್, ಬ್‌ಗಳನ್ನು ನಮ್ಮಷ್ಟು ಗುಂಯ್ಗುಡಿಸುವುದಿಲ್ಲ, ಅರ್ಧಕ್ಕೇ ಬಿಟ್ಟುಬಿಡುತ್ತಾರೆ. ಹಾಗಾದರೆ ಬೆನ್ನು ಅನ್ನುವ ಬ್ಯಾಕ್ ಯಾವುದು, ಚೀಲ ಅನ್ನುವ ಬ್ಯಾಗ್ ಯಾವುದು ಅಂತ ಕೇಳುವವರಿಗೆ ಹೇಗೆ ತಿಳಿಯುತ್ತದೆ? ಸ್ವರದ ಉದ್ದದಿಂದ! ಕುರ್ಚಿಯ ಸೀಟ್, ಬೀಜದ ಸೀಡ್, ಅಕ್ಕಿಯ ರೈಸ್, ಏಳುವ ರೈಜ಼್, ಎಲ್ಲ ಕಡೆಯೂ ಇದೇ ಕಥೆ. ನಾವು ಹ್ರಸ್ವ-ದೀರ್ಘಕ್ಕೆ ಇಟ್ಟುಕೊಂಡಿರುವ ಹೊತ್ತನ್ನು ಅವರು ಬಹಳ ಮಟ್ಟಿಗೆ ಮುಂದಿನ ವ್ಯಂಜನದ ಸುಳಿವು ಕೊಡಲು ಬಳಸುತ್ತಾರೆ. ನನಗೆ ತುಂಬ ಇಷ್ಟವಾದ ಸಂಗತಿ ಇದು.

ಇನ್ನು ಅವರ ಹ್ರಸ್ವ-ದೀರ್ಘ ನಿಂತಿರುವುದು ಎಲ್ಲಿ? ನಾಲಿಗೆಯ ಜಾಗದಲ್ಲಿ, ಬಾಯಿಯ ಬಿಗಿಯಲ್ಲಿ.

ಶೀಪ್‌ನ 'ಈ' ನಮ್ಮ 'ಈ' ತರಾನೇ. ನಾಲಿಗೆ ಮುಂದೆ, ಮೇಲೆ. ತುಟಿ ಎರಡೂ ಕಡೆ ಚಾಚಿರುತ್ತದೆ. ಅದನ್ನು ಕಲಿಯಲು ನಮಗೆ ಏನೂ ಕಷ್ಟವಿಲ್ಲ. ಕಷ್ಟ ಇರುವುದು ಶಿಪ್‌ನಲ್ಲಿ. ಅದು ನಮ್ಮ ಇ ಅಲ್ಲ. ಕನ್ನಡಿ ಮುಂದೆ ನಿಂತು ಈ ಅಂತ ಎಳೆಯಿರಿ. ಸದ್ದು ನಿಲ್ಲಿಸದೆ ತುಟಿ ಸಡಿಲ ಬಿಡಿ. ದವಡೆ ಒಂಚೂರು ಕೆಳಗೆ ಜಾರಲಿ. ಎ ಹೇಳಲು ಹೊರಟವರು ಅರ್ಧ ದಾರಿಗೂ ಮೊದಲೇ ನಿಂತರೆ ಹೇಗೋ ಹಾಗೆ. ಗದ್ದದ ಕೆಳಗೆ, ಮೆತ್ತಗಿರುವ ಕಡೆ ಹೆಬ್ಬೆರಳು ಇಟ್ಟುಕೊಂಡರೆ ಈ ಹೇಳುವಾಗ ಬಿಗಿ, ಇದನ್ನು ಹೇಳುವಾಗ ಸಡಿಲ ಅನ್ನುವುದು ಬೆರಳಿಗೇ ಗೊತ್ತಾಗುತ್ತದೆ. ಮುಖದಲ್ಲಿ ಯಾವ ಪ್ರಯತ್ನವೂ ಕಾಣಬಾರದು. ನಿದ್ದೆಗಣ್ಣಿನಲ್ಲಿ ಇ ಅಂದಂತಿರಬೇಕು. ಅಲ್ಲಿ ನಿಂತು, ಆ ಸಡಿಲ ಸ್ವರವನ್ನೇ ಉದ್ದಕ್ಕೆ ಎಳೆಯಿರಿ. ಅದು 'ಈ' ಸ್ವರದ ಕಡೆಗೆ ಏರದೆ ಇದ್ದಲ್ಲೇ ಇದ್ದರೆ ನಿಮಗೆ ಶಿಪ್ ಸಿಕ್ಕಿದೆ.

ಬಹಳ ಜನ ಉಲ್ಟಾ ಅಭ್ಯಾಸ ಮಾಡುತ್ತಾರೆ. ಶೀಪ್, ಸೀಟ್, ಲೀವ್ ಅಂತ ದೀರ್ಘವನ್ನು ಜಗ್ಗಿ ಜಗ್ಗಿ ಹೇಳುತ್ತಾರೆ. ದೀರ್ಘ ಆಗಲೇ ಸರಿಯಾಗಿದೆ, ಅದನ್ನು ಬಿಡಿ. ಹ್ರಸ್ವವನ್ನು ಸಡಿಲ ಮಾಡಿ.

ಉಚ್ಚಾರದ ಪಂಡಿತರೂ ಈ ದಾರಿಯಲ್ಲಿ ನಡೆದು ಬಂದವರೇ ಅನ್ನುವುದು ನನಗೆ ಒಂಥರಾ ಸಮಾಧಾನ. ಡೇನಿಯಲ್ ಜೋನ್ಸ್ 1917ರಲ್ಲಿ ಇಂಗ್ಲಿಷಿನ ಉಚ್ಚಾರ ನಿಘಂಟು ತಂದರು. ಅದರಲ್ಲಿ ಶಿಪ್‌ಗೂ ಶೀಪ್‌ಗೂ ಸ್ವರದ ಚಿಹ್ನೆ ಒಂದೇ. ದೀರ್ಘದ ಮುಂದೆ ಎರಡು ಚುಕ್ಕೆ, ಅಷ್ಟೇ ವ್ಯತ್ಯಾಸ. ನಮ್ಮ ಗುಡಿಸು, ಗುಡಿಸಿನ ದೀರ್ಘದ ಹಾಗೇ! ಜಾಗವೂ ಬೇರೆ ಅನ್ನುವುದು ಜೋನ್ಸ್ ಅವರಿಗೆ ಗೊತ್ತಿರಲಿಲ್ಲ ಅಂತಲ್ಲ, ಚೆನ್ನಾಗಿಯೇ ಗೊತ್ತಿತ್ತು. ಆದರೆ ಚಿಹ್ನೆಯಲ್ಲಿ ಅದು ಕಾಣುತ್ತಿರಲಿಲ್ಲ. ಓದಿ ಕಲಿಯುವವರು ಉದ್ದವನ್ನಷ್ಟೇ ನೋಡುತ್ತಿದ್ದರು. ಕೊನೆಗೆ 1977ರ 14ನೇ ಆವೃತ್ತಿಯಲ್ಲಿ ಎ. ಸಿ. ಗಿಮ್ಸನ್ ಅದನ್ನು ಬದಲಾಯಿಸಿದರು. ಚುಕ್ಕೆ ಉಳಿಯಿತು, ಜೊತೆಗೆ ಎರಡು ಸ್ವರಗಳಿಗೂ ಬೇರೆ ಬೇರೆ ಆಕಾರದ ಚಿಹ್ನೆ ಬಂತು. ಈಗ ಬ್ರಿಟನ್ನಿನ ಬಹುಪಾಲು ನಿಘಂಟುಗಳಲ್ಲಿ ಹೀಗೇ ಕಾಣುತ್ತದೆ. ಉಚ್ಚಾರ ನೋಡುವಾಗ ಚುಕ್ಕೆಯ ಕಡೆ ಆಮೇಲೆ ನೋಡಿ, ಮೊದಲು ಆಕಾರ ನೋಡಿ ಅಂತ ನಾನು ಕೇಳಿದವರಿಗೆಲ್ಲ ಹೇಳುತ್ತೇನೆ.

ಇದರಿಂದ ಆಗುವ ತೊಂದರೆ ಎಷ್ಟು ದೊಡ್ಡದು? ಬಹಳ ಸಲ ಏನೂ ಇಲ್ಲ. ಸಂದರ್ಭ ಕಾಪಾಡುತ್ತದೆ. ಬಂದರಿನಲ್ಲಿ ನಿಂತು ಶೀಪ್ ಬಂತು ಅಂದರೆ ಯಾರೂ ಕುರಿ ಹುಡುಕುವುದಿಲ್ಲ. ಆದರೆ ಸಂದರ್ಭ ಕೈಕೊಡುವ ಜಾಗಗಳೂ ಇವೆ. 'ಐ ವಾಂಟ್ ಟು ಲಿವ್ ಹಿಯರ್' ಅಂದರೆ ಇಲ್ಲೇ ಇರುತ್ತೇನೆ ಅಂತ. ಲಿವ್ ಹೋಗಿ ಲೀವ್ ಆದರೆ ಬಿಟ್ಟು ಹೋಗುವ ಮಾತು. ಒಂದು ಸಂದರ್ಶನದಲ್ಲಿ ಮೆಷಿನ್ನು ಹೀಗೆ ಬರೆದು, ನೆಮ್ಮದಿಯಾಗಿದ್ದ ಮನುಷ್ಯನನ್ನು ಊರು ಬಿಡಿಸಿತ್ತು. ಅರ್ಜಿಯ ಮಾತು ಬಂದಾಗ ತುಂಬು ಅನ್ನುವ ಫಿಲ್, ಅನಿಸು ಅನ್ನುವ ಫೀಲ್ ಆಗುತ್ತದೆ. ಅವನ ಅನ್ನುವ ಹಿಜ಼್, ಅವನು ಇದ್ದಾನೆ ಅನ್ನುವ ಹೀಜ಼್ ಆಗುತ್ತದೆ. ಇನ್ನು ಸಮುದ್ರದ ದಂಡೆಗೆ ಹೇಳುವ ಪದ, ಕಾಗದದ ಹಾಳೆಗೆ ಹೇಳುವ ಪದ, ಇವೆರಡನ್ನೂ ಹ್ರಸ್ವ ಮಾಡಿದರೆ ಏನಾಗುತ್ತದೆ ಅಂತ ನಾನು ಇಲ್ಲಿ ಬಿಡಿಸಿ ಬರೆಯುವುದಿಲ್ಲ. ಗೊತ್ತಿರುವವರಿಗೆ ಗೊತ್ತು. ಆ ಭಯಕ್ಕೇ ಕೆಲವರು ಹಾಳೆ ಅನ್ನುವ ಪದವನ್ನು ಎಷ್ಟು ಎಳೆಯುತ್ತಾರೆಂದರೆ ಅದರಿಂದಲೇ ಕೇಳುವವರ ಗಮನ ಅಲ್ಲಿಗೆ ಹೋಗುತ್ತದೆ.

ಎಲ್ಲಕ್ಕಿಂತ ಜಾಸ್ತಿ ಕಾಡುವುದು ಸಂಖ್ಯೆಗಳು. ಥರ್ಟೀನ್-ಥರ್ಟಿ, ಫಿಫ್ಟೀನ್-ಫಿಫ್ಟಿ. ಹದಿನೈದು ಎಲ್ಲಿ, ಐವತ್ತು ಎಲ್ಲಿ! ಇಲ್ಲೂ ನಾವು ಕೊನೆಯ ಸ್ವರವನ್ನು ಎಳೆದೋ ಮೊಟಕು ಮಾಡಿಯೋ ನಿಭಾಯಿಸಲು ನೋಡುತ್ತೇವೆ. ಇಂಗ್ಲಿಷ್ ಕಿವಿ ಅದಕ್ಕಿಂತ ಒತ್ತಿನ ಮೇಲೆ ಕಣ್ಣಿಟ್ಟಿರುತ್ತದೆ. ಐವತ್ತರಲ್ಲಿ ಒತ್ತು ಮೊದಲ ಫಿಫ್ ಮೇಲೆ, ಕೊನೆಯ ಟಿ ಸಣ್ಣಗೆ ಉದುರಿಹೋಗುತ್ತದೆ. ಹದಿನೈದನ್ನು ಒಂಟಿಯಾಗಿ ಹೇಳುವಾಗ ಒತ್ತು ಟೀನ್ ಮೇಲೆ. ಕೊನೆಯ ನ್ ಕೇಳಿಸುವಂತೆ ಮುಗಿಸಬೇಕು. ಹಣದ ಮಾತಾದರೆ ನಾನು ಉಚ್ಚಾರವನ್ನು ನಂಬುವುದೇ ಇಲ್ಲ, 'ಒನ್ ಫೈವ್', 'ಫೈವ್ ಜ಼ೀರೋ' ಅಂತ ಬಿಡಿಸಿ ಹೇಳುತ್ತೇನೆ. ಇಂಗ್ಲಿಷಿನವರೂ ಫೋನಿನಲ್ಲಿ ಹಾಗೇ ಮಾಡುತ್ತಾರೆ.

ಕನ್ನಡದವರು ಎಲ್ಲದರಲ್ಲೂ ಹಿಂದೆ ಅಂತ ಅಂದುಕೊಳ್ಳಬೇಡಿ. ನಮ್ಮ ಕಿವಿಗೆ ಒಂದು ದೊಡ್ಡ ಅನುಕೂಲ ಇದೆ. ಎ-ಏ, ಒ-ಓ ನಮ್ಮಲ್ಲಿ ಬೇರೆ ಬೇರೆ. ಹಿಂದಿಯಲ್ಲಿ ಹಾಗಿಲ್ಲ. ಅಲ್ಲಿ ಬರೆಯುವ ಪೆನ್ನಿಗೂ ಏತ್ವದ ಅದೇ ಒಂದು ಗುರುತು ಹಾಕಬೇಕು. ನಮಗೆ ಪೆನ್-ಪೇನ್, ಗೆಟ್-ಗೇಟ್, ಟೆಸ್ಟ್-ಟೇಸ್ಟ್, ಸೆಲ್-ಸೇಲ್, ಪೆಪ್ಪರ್-ಪೇಪರ್ ಇವು ಒಮ್ಮೆಯೂ ಅದಲುಬದಲು ಆಗುವುದಿಲ್ಲ. ಇಂಗ್ಲಿಷಿನವರ ಏ ಕೊನೆಗೆ ಸ್ವಲ್ಪ ಇ ಕಡೆ ಜಾರುತ್ತದೆ, ಓ ಕೊನೆಗೆ ಉ ಕಡೆ ಜಾರುತ್ತದೆ. ನಮ್ಮದು ನೆಟ್ಟಗೆ ನಿಲ್ಲುತ್ತದೆ. ಅದನ್ನು ತಿದ್ದಿಕೊಳ್ಳಬೇಕಾ? ನನ್ನ ಕೇಳಿದರೆ ಬೇಡ. ಸ್ಕಾಟ್ಲೆಂಡಿನವರೂ ಉತ್ತರ ಇಂಗ್ಲೆಂಡಿನ ಎಷ್ಟೋ ಜನರೂ ನಮ್ಮ ಹಾಗೇ ನೆಟ್ಟಗಿನ ಏ, ಓ ಹೇಳುತ್ತಾರೆ. ಯಾರಿಗೂ ಅರ್ಥ ಕೆಡುವುದಿಲ್ಲ.

ಹ್ರಸ್ವ-ದೀರ್ಘದ ಬಗ್ಗೆ ನಮ್ಮ ಎಚ್ಚರ ಎಷ್ಟಿದೆ ಅಂತ ನೋಡಬೇಕಾದರೆ ನಾವು ಇಂಗ್ಲಿಷ್ ಪದಗಳನ್ನು ಕನ್ನಡ ಮಾಡಿಕೊಳ್ಳುವ ರೀತಿ ನೋಡಿ. ಪೆನ್ನು, ಬಸ್ಸು, ಬುಕ್ಕು, ಸೆಟ್ಟು. ಆದರೆ ಗೇಟು, ಸೀಟು, ರೂಮು, ಕೋಟು. ಸ್ವರ ಹ್ರಸ್ವವಾದರೆ ವ್ಯಂಜನಕ್ಕೆ ಒತ್ತು ಬರುತ್ತದೆ, ದೀರ್ಘವಾದರೆ ಬರುವುದಿಲ್ಲ. ಯಾರೂ ಕಲಿಸದೆ ಎಲ್ಲರೂ ಪಾಲಿಸುವ ನಿಯಮ. 'ಗೇಟ್ಟು' ಅಂತ ಯಾರಾದರೂ ಹೇಳಿದ್ದು ಕೇಳಿದ್ದೀರಾ? ಪೆನ್ನು, ಗೇಟು ಎರಡೂ ಗುರು-ಲಘು. ತೂಕ ಸರಿಯಾಗಿ ಕೂತುಬಿಡುತ್ತದೆ. ಇಂಗ್ಲಿಷಿನಲ್ಲೂ ಇದಕ್ಕೆ ಹತ್ತಿರದ ಒಂದು ಸ್ವಭಾವ ಇದೆ. ಬೀ, ಸೀ, ಟೂ ಅಂತ ದೀರ್ಘದಲ್ಲಿ ಮುಗಿಯುವ ಸಣ್ಣ ಪದಗಳು ಬೇಕಾದಷ್ಟಿವೆ. ಶಿಪ್‌ನ ಸ್ವರದಲ್ಲೋ ಬೆಡ್‌ನ ಸ್ವರದಲ್ಲೋ ಮುಗಿಯುವ ಒಂಟಿ ಅಕ್ಷರದ ಪದ ಸಿಗುವುದಿಲ್ಲ. ಹ್ರಸ್ವದ ಮುಂದೆ ವ್ಯಂಜನದ ಒರಗು ಬೇಕೇ ಬೇಕು.

ಇಷ್ಟೆಲ್ಲ ಎಚ್ಚರ ಇರುವ ನಾವು ಒಂದು ಕಡೆ ಮಾತ್ರ ಪೂರ್ತಿ ತಿರುವುಮುರುವು. ಡಾಕ್ಟರ್, ಕಾಲೇಜು, ಆಫೀಸು, ಶಾಪು, ಲಾಕು, ಬಾಕ್ಸು. ಇಷ್ಟರಲ್ಲೂ ಮೊದಲ ಸ್ವರ ಇಂಗ್ಲಿಷಿನಲ್ಲಿ ಹ್ರಸ್ವ! ನಮ್ಮ ಬಾಯಲ್ಲಿ ಎಲ್ಲ ಇಳಿಯ ಆ. ಇಂಗ್ಲಿಷಿನ ಆ ಹ್ರಸ್ವ ನಮ್ಮಲ್ಲಿ ಇಲ್ಲ. ಅ ಅಲ್ಲ, ಒ ಅಲ್ಲ, ಎರಡರ ನಡುವೆ ತುಟಿ ಸ್ವಲ್ಪ ದುಂಡಗೆ ಮಾಡಿದರೆ ಬರುವಂಥದ್ದು. ಅದನ್ನೇ ಉದ್ದ ಮಾಡಿ, ತುಟಿ ಇನ್ನಷ್ಟು ದುಂಡಗೆ ಮಾಡಿದರೆ ಬಾಲ್, ಹಾಲ್, ಲಾ ಪದಗಳ ದೀರ್ಘ. ಅದೂ ನಮಗೆ ಆ. ಕಾರ್‌ನ ಆ ಅಂತೂ ನಿಜವಾಗಿಯೇ ಆ. ಹೀಗೆ ಅವರ ಮೂರು ಸ್ವರ ನಮ್ಮ ಒಂದು ಕಾಗುಣಿತದಲ್ಲಿ ಬಂದು ಕೂತಿವೆ. ಅಂಗಿಯ ಕಾಲರ್, ಫೋನ್ ಮಾಡಿದ ಕಾಲರ್ ಎರಡೂ ನಮ್ಮಲ್ಲಿ ಒಂದೇ. ಅಮೆರಿಕದವರಂತೂ ಡಾಕ್ಟರ್‌ನ ಸ್ವರವನ್ನು ದುಂಡಗೆ ಮಾಡುವುದೇ ಇಲ್ಲ, ಹೆಚ್ಚುಕಡಿಮೆ ನಮ್ಮ ಆ ಹತ್ತಿರ ಬರುತ್ತಾರೆ. ಅಮೆರಿಕದ ಪಶ್ಚಿಮದ ಕಡೆ, ಕೆನಡಾದಲ್ಲಿ, ಮಲಗುವ ಕಾಟ್ ಮತ್ತು ಹಿಡಿದ ಅನ್ನುವ ಕಾಟ್ ಎರಡನ್ನೂ ಒಂದೇ ತರ ಹೇಳುತ್ತಾರೆ. ಆದ್ದರಿಂದ ಇದರ ಬಗ್ಗೆ ಬಹಳ ತಲೆ ಕೆಡಿಸಿಕೊಳ್ಳುವುದು ನನಗೆ ಅನಗತ್ಯ ಅನಿಸುತ್ತದೆ.

ಬ್ಯಾಟ್, ಮ್ಯಾನ್ ಪದಗಳ ಸ್ವರದ ಕಥೆ ಇನ್ನೂ ತಮಾಷೆ. ಇಂಗ್ಲಿಷ್ ಪಾಠದಲ್ಲಿ ಅದು ಹ್ರಸ್ವದ ಪಟ್ಟಿಯಲ್ಲಿದೆ. ಆದರೆ ಬ್ಯಾಡ್, ಸ್ಯಾಡ್, ಮ್ಯಾಡ್ ಹೇಳುವಾಗ ಅವರ ಸ್ವರ ಎಷ್ಟು ಉದ್ದ ಇರುತ್ತದೆ ಅಂದರೆ ಪರದೆಯ ಮೇಲೆ ಬೀಟ್‌ಗಿಂತ ಉದ್ದ ಕಾಣಿಸುತ್ತದೆ. ನಾವು 'ಯಾ' ಅಂತ ದೀರ್ಘ ಬರೆದಿರುವುದು ಆ ಮಟ್ಟಿಗೆ ಸರಿಯಾಗಿಯೇ ಇದೆ. ಮತ್ತೆ, ಈ ಸ್ವರ ಕನ್ನಡದವರಿಗೆ ಹೊಸದೇನೂ ಅಲ್ಲ. 'ಬೇಡ' ಅನ್ನುವುದನ್ನು 'ಬ್ಯಾಡ' ಅನ್ನುವವರಿಗೆ ಇಂಗ್ಲಿಷಿನ ಬ್ಯಾಡ್ ಉಚಿತವಾಗಿ ಬಂದಿದೆ. ಕೊನೆಯ ಅ ಬಿಟ್ಟರೆ ಮುಗಿಯಿತು. ತೊಂದರೆ ಬರುವುದು ಯ ಒತ್ತನ್ನು ನಿಜವಾದ ಯ ಮಾಡಿ 'ಬಿಯಾಡ್' ಅನ್ನುವವರಿಗೆ. ಅಲ್ಲಿ ಯ ಇಲ್ಲ, ಅದು ಬರೆಯಲು ಅಕ್ಷರ ಇಲ್ಲದ್ದಕ್ಕೆ ನಾವು ಮಾಡಿಕೊಂಡ ಏರ್ಪಾಡು.

ನನ್ನ ಅಕ್ಕನ ಮಗಳು ಶಾಲೆಯಲ್ಲಿ ಫೋನಿಕ್ಸ್, ಅಂದರೆ ಅಕ್ಷರಗಳ ಸದ್ದು ಹಿಡಿದು ಇಂಗ್ಲಿಷ್ ಓದುವುದನ್ನು, ಕಲಿಯುತ್ತಿದ್ದಾಳೆ. ಅವಳ ಪುಸ್ತಕದಲ್ಲಿ ಲಾಂಗ್ ಮತ್ತು ಶಾರ್ಟ್ ಸ್ವರಗಳ ಪುಟ ಇದೆ. ಒಂದು ದಿನ ಕೇಳಿದಳು, "ಚಿಕ್ಕಮ್ಮಾ, ಶಾರ್ಟ್ ಐ ಅಂದ್ರೆ ಇ ಅಂತೆ. ಹಾಗಾದ್ರೆ ಲಾಂಗ್ ಐ ಅಂದ್ರೆ ಈ ಆಗ್ಬೇಕಲ್ವಾ? ಮಿಸ್ಸು ಐ ಅಂತಾರೆ, ಕೈಟ್ ಅಂತಾರೆ." ಒಳ್ಳೆಯ ಪ್ರಶ್ನೆ. ಕಿಟ್‌ಗೆ ಕೊನೆಯಲ್ಲಿ ಮಾತಾಡದ ಒಂದು ಇ ಸೇರಿಸಿದರೆ ಕೈಟ್. ಮ್ಯಾಡ್ ಹೋಗಿ ಮೇಡ್, ಹಾಪ್ ಹೋಗಿ ಹೋಪ್, ಕಟ್ ಹೋಗಿ ಕ್ಯೂಟ್. ಇದನ್ನು ಅವರು ಹ್ರಸ್ವ-ದೀರ್ಘ ಅನ್ನುತ್ತಾರೆ. ಕನ್ನಡ ಕಾಗುಣಿತ ಕಲಿತ ಮಗುವಿಗೆ ಇದು ತಲೆಬುಡ ಇಲ್ಲದ ಮಾತು.

ಬುಡ ಇದೆ, ಸುಮಾರು 600 ವರ್ಷ ಹಿಂದೆ. ಆಗ ಇಂಗ್ಲಿಷಿನ ದೀರ್ಘಗಳು ನಮ್ಮ ದೀರ್ಘಗಳಂತೆಯೇ ಇದ್ದವು. ಕಾಲ ಅನ್ನುವ ಟೈಮ್ ಆಗ 'ಟೀಮ'. ಮನೆ ಅನ್ನುವ ಹೌಸ್ 'ಹೂಸ್'. ಚಂದ್ರ ಅನ್ನುವ ಮೂನ್ 'ಮೋನ್'. ಹೆಸರು ಅನ್ನುವ ನೇಮ್ ಅಂತೂ ಹೆಚ್ಚುಕಡಿಮೆ 'ನಾಮ'! ಕೊನೆಯ ಇ ಅಕ್ಷರ ಆಗ ಮಾತಾಡುತ್ತಿತ್ತು. ಅಲ್ಲಿಂದ ಮುಂದೆ, ಸುಮಾರು 1400ರಿಂದ 1700ರ ನಡುವೆ, ದೀರ್ಘಸ್ವರಗಳೆಲ್ಲ ಬಾಯೊಳಗೆ ಒಂದೊಂದು ಮೆಟ್ಟಿಲು ಮೇಲೆ ಹತ್ತಿದವು. ಆ ಇದ್ದದ್ದು ಕ್ರಮೇಣ ಏ ಆಯಿತು, ಏ ಇದ್ದದ್ದು ಈ, ಓ ಇದ್ದದ್ದು ಊ. ಮೇಲೆ ಜಾಗವಿಲ್ಲದ ಈ ಮತ್ತು ಊ ಒಡೆದು ಐ ಮತ್ತು ಔ ಆದವು. ಡೆನ್ಮಾರ್ಕಿನ ಭಾಷಾತಜ್ಞ ಒಟ್ಟೊ ಯೆಸ್ಪರ್ಸನ್ ಇದಕ್ಕೆ ಗ್ರೇಟ್ ವವೆಲ್ ಶಿಫ್ಟ್ ಅಂತ ಹೆಸರಿಟ್ಟರು. ಹ್ರಸ್ವಗಳು ಮಾತ್ರ ಬಹುಪಾಲು ಇದ್ದಲ್ಲೇ ಉಳಿದವು. ಈ ಪಲ್ಲಟ ನಡೆಯುತ್ತಿದ್ದಾಗಲೇ, 1476ರಲ್ಲಿ, ವಿಲಿಯಂ ಕ್ಯಾಕ್ಸ್ಟನ್ ಇಂಗ್ಲೆಂಡಿಗೆ ಮುದ್ರಣಯಂತ್ರ ತಂದ. ಮುಂದಿನ ಕಾಲದಲ್ಲಿ ಸ್ಪೆಲಿಂಗ್ ಹೆಚ್ಚುಕಡಿಮೆ ಹಳೆಯ ಉಚ್ಚಾರಕ್ಕೇ ಗಟ್ಟಿಯಾಗಿ ನಿಂತುಬಿಟ್ಟಿತು. ಬಾಯಿ ಮುಂದೆ ಹೋಯಿತು.

ಅಕ್ಷರಗಳ ಹೆಸರೂ ಹಾಗೆಯೇ. ಇಂದು ಎ, ಇ, ಐ ಅಂತ ಕರೆಯುವ ಅಕ್ಷರಗಳ ಹೆಸರು ಒಂದು ಕಾಲಕ್ಕೆ ಆ, ಏ, ಈ. ಅಕ್ಕನ ಮಗಳಿಗೆ ಇಷ್ಟು ಹೇಳಿದೆ. "ಹಾಗಾದ್ರೆ ಅವ್ರದ್ದೇ ತಪ್ಪು," ಅಂದು ಎದ್ದು ಹೋದಳು.

ಇದರಲ್ಲಿ ನಮ್ಮ ವಿಷಯಕ್ಕೆ ಬೇಕಾದ ಒಂದು ಗುಟ್ಟಿದೆ. ಶಿಪ್‌ನ ಹ್ರಸ್ವ ಹಿಂದಿನಿಂದಲೂ ಇ. ಶೀಪ್‌ನ ದೀರ್ಘ ಹಿಂದೆ ಏ, ಕುರಿಗೆ 'ಶೇಪ್' ಅನ್ನುತ್ತಿದ್ದರು. ಹಳೆಯ ಇ ಸ್ವರಕ್ಕೆ ಸರಿಜೋಡಿಯಾಗಿದ್ದ ದೀರ್ಘ ಐ ಆಗಿ ಕೈಟ್, ಟೈಮ್ ಪದಗಳಿಗೆ ಹೋಯಿತು. ಅಂದರೆ ಶಿಪ್-ಶೀಪ್ ನಮ್ಮ ಬಿಡು-ಬೀಡು ತರ ಹುಟ್ಟಿನಿಂದ ಬಂದ ಹ್ರಸ್ವ-ದೀರ್ಘದ ಜೋಡಿಯೇ ಅಲ್ಲ! ಬೇರೆ ಬೇರೆ ಕಡೆಯಿಂದ ಬಂದು ಅಕ್ಕಪಕ್ಕ ಮನೆ ಮಾಡಿದವು. ಒಂದನ್ನು ಎಳೆದು ಇನ್ನೊಂದು ಮಾಡಲು ಬರುವುದಿಲ್ಲ ಅನ್ನುವುದರಲ್ಲಿ ಏನು ಆಶ್ಚರ್ಯ? ಬ್ರಿಟನ್ನಿನ ಭಾಷಾತಜ್ಞ ಜಾನ್ ವೆಲ್ಸ್ 1982ರಲ್ಲಿ ಇಂಗ್ಲಿಷಿನ ಬಗೆಬಗೆಯ ಉಚ್ಚಾರಗಳ ಬಗ್ಗೆ ಬರೆಯುವಾಗ ಸ್ವರಗಳಿಗೆ ಹ್ರಸ್ವ, ದೀರ್ಘ ಅನ್ನುವ ಗೋಜಿಗೇ ಹೋಗದೆ ಪದಗಳನ್ನೇ ಹೆಸರಾಗಿ ಕೊಟ್ಟರು. ಕಿಟ್ ಸ್ವರ, ಫ್ಲೀಸ್ ಸ್ವರ, ಫುಟ್ ಸ್ವರ, ಗೂಸ್ ಸ್ವರ ಅಂತ. ಮಕ್ಕಳ ಪುಸ್ತಕಕ್ಕೂ ಇದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಸ್ಪೆಲಿಂಗ್ ನೋಡಿ ಹ್ರಸ್ವವೋ ದೀರ್ಘವೋ ಅಂತ ಹೇಳಬಹುದಾ? ಡಬಲ್ ಇ ಇದ್ದರೆ ಬಹುತೇಕ ದೀರ್ಘ, ನಂಬಬಹುದು. ಡಬಲ್ ಓ ಮಾತ್ರ ನಂಬಬೇಡಿ. ಫುಡ್ ಅಂತ ನಾವು ಹೇಳುವುದು ಅವರಿಗೆ 'ಫೂಡ್', ದೀರ್ಘ. ಆದರೆ ಗುಡ್, ಬುಕ್, ಫುಟ್ ಹ್ರಸ್ವ. ಬ್ಲಡ್, ಫ್ಲಡ್ ಬೇರೆಯೇ ಸ್ವರ. ಮೂರೂ ಒಂದು ಕಾಲಕ್ಕೆ ಓ ಇದ್ದವು, ಆಮೇಲೆ ಊ ಆದವು. ಬ್ಲಡ್ ಬೇಗ ಮೊಟಕಾಯಿತು, ಗುಡ್ ತಡವಾಗಿ, ಫೂಡ್ ಆಗಲೇ ಇಲ್ಲ. ಆ ಜಾಗದಲ್ಲಿ ಐ ಅಕ್ಷರ ಕಾಣದಿದ್ದರೂ ಕಿಟ್ ಸ್ವರ ಇರುವ ಪದಗಳಿವೆ: ಬಿಜ಼ಿ, ವಿಮೆನ್, ಪ್ರಿಟಿ, ಇಂಗ್ಲಿಷ್ ಅನ್ನುವ ಹೆಸರಿನ ಮೊದಲಕ್ಷರ ಕೂಡ. ಸೆಡ್, ಸೆಜ಼್ ಅಂತ ಹ್ರಸ್ವ ಹೇಳಬೇಕಾದದ್ದನ್ನು ಸ್ಪೆಲಿಂಗ್ ನಂಬಿ ಸೇಡ್, ಸೇಸ್ ಅನ್ನುವವರು ಎಷ್ಟೋ ಜನ. ಹೊಸ ಪದ ಕಂಡಾಗ ನಿಘಂಟಿನ ಧ್ವನಿ ಒತ್ತಿ ಕೇಳುವುದೇ ಸರಿ.

ಅಭ್ಯಾಸಕ್ಕೆ ನಾನು ಹೇಳುವುದು ಒಂದೇ ಆಟ. ಫೋನಿನಲ್ಲಿ ಧ್ವನಿಯಿಂದ ಟೈಪ್ ಮಾಡುವ ಸೌಲಭ್ಯ ಇದೆಯಲ್ಲ, ಅದನ್ನು ತೆರೆದು ಒಂಟಿ ಪದ ಹೇಳಿ. ಚಿಪ್, ಚೀಪ್. ಫಿಟ್, ಫೀಟ್. ಸ್ಲಿಪ್, ಸ್ಲೀಪ್. ವಾಕ್ಯ ಹೇಳಬೇಡಿ, ಅದು ಸಂದರ್ಭ ನೋಡಿ ಊಹಿಸಿಬಿಡುತ್ತದೆ, ನಿಮ್ಮ ಉಚ್ಚಾರದ ಪರೀಕ್ಷೆ ಆಗುವುದಿಲ್ಲ. ಪ್, ಟ್, ಕ್‌ನಲ್ಲಿ ಮುಗಿಯುವ ಜೋಡಿಗಳನ್ನೇ ಆರಿಸಿಕೊಳ್ಳಿ. ಅಲ್ಲಿ ದೀರ್ಘವೂ ಮೊಟಕಾಗುವುದರಿಂದ ಬರೀ ಎಳೆದು ತಪ್ಪಿಸಿಕೊಳ್ಳಲು ಆಗುವುದಿಲ್ಲ, ಜಾಗ ಸರಿ ಇರಲೇಬೇಕು.

ಉ-ಊ ಜೋಡಿಗೆ ಬಹಳ ಹೊತ್ತು ಕೊಡಬೇಡಿ. ತುಂಬಿದ ಅನ್ನುವ ಫುಲ್, ದಡ್ಡ ಅನ್ನುವ ಫೂಲ್, ಎಳೆ ಅನ್ನುವ ಪುಲ್, ಕೊಳ ಅನ್ನುವ ಪೂಲ್, ಇನ್ನು ನಾಲ್ಕಾರು ಇರಬಹುದು. ಶಿಪ್-ಶೀಪ್ ತರದ ಜೋಡಿಗಳು ಹತ್ತಾರು ಸಿಕ್ಕರೆ ಇವು ಬೆರಳೆಣಿಕೆಯಷ್ಟು. ಅರ್ಥ ಕೆಡುವ ಸಂದರ್ಭ ಅಪರೂಪ. ಸ್ಕಾಟ್ಲೆಂಡಿನಲ್ಲಂತೂ ಪುಲ್, ಪೂಲ್ ಎರಡಕ್ಕೂ ಒಂದೇ ಉಚ್ಚಾರ. ಅವರ ಆಡಿಯೊ ಬಂದಾಗ ನಾನು ಸ್ವರದ ಮೇಲೆ ಕಿವಿ ಇಡುವುದನ್ನು ಬಿಟ್ಟು, ಹಿಂದಿನ ವಾಕ್ಯದಲ್ಲಿ ನೀರಿನ ಮಾತು ಬಂದಿತ್ತಾ ಅಂತ ನೋಡಿ ಬರೆಯುತ್ತೇನೆ.